ಕಾಯಕಕ್ಕೆ ನಡೆದ ಹೆಜ್ಜೆಗಳೂ ಲೆಕ್ಕಕ್ಕೆ ಬರಲಿ

ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ರೂಪುಗೊಂಡದ್ದು ನಮ್ಮ ಲಗ್ಗೆರೆಯ ನೆರೆಯಲ್ಲೇ ಇರುವ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಉಡುಪಿ ಜಿಲ್ಲೆಯ ಅದಮಾರಿನವರಾದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಆ ಉಪಗ್ರಹವು 1975ರ ಏಪ್ರಿಲ್ 19ರಂದು ಅಂದಿನ ಸೋವಿಯತ್ ಒಕ್ಕೂಟದ ನೆಲದಿಂದ ನಭಕ್ಕೇರಿತು. ಇಸ್ರೋದ ಉಪಗ್ರಹಗಳ ಜಾಡು ಹಿಡಿದು ಅವುಗಳಿಗೆ ಆದೇಶ ಕಳುಹಿಸುವ ‘ಇಸ್ಟ್ರ್ಯಾಕ್’ ಸಂಸ್ಥೆಯ ಕೇಂದ್ರವಿರುವುದೂ ಪೀಣ್ಯದಲ್ಲಿಯೇ. ಅದೇ ಪೀಣ್ಯದ ಕಾರ್ಖಾನೆಗಳ ಕಡೆಗೆ ಪ್ರತಿದಿನ ಬೆಳಗ್ಗೆ ಲಗ್ಗೆರೆಯ ಅಡ್ಡರಸ್ತೆಗಳಿಂದ ಬುತ್ತಿಚೀಲ ಹಿಡಿದ ಅಕ್ಕತಂಗಿಯರು, ಅಣ್ಣತಮ್ಮಂದಿರು ಗುಂಪುಗುಂಪಾಗಿ ನಡೆದುಹೋಗುತ್ತಾರೆ. ಆಕಾಶದಲ್ಲಿ ಸುತ್ತುವ ವಸ್ತು ಈ ಕ್ಷಣ ಎಲ್ಲಿದೆಯೆಂದು ಲೆಕ್ಕವಿಡುವ ನೆಲದಲ್ಲಿ, ನೆಲದ ಮೇಲೆ ನಡೆಯುವ ಈ ಜನರ ಹೆಜ್ಜೆಗಳಿಗೆ ಮಾತ್ರ ಲೆಕ್ಕವಿಲ್ಲ. ಪರರು ಇಡದಿರಲಿ, ಅವರೇ ತಮ್ಮ ಹೆಜ್ಜೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಈ ಮಾತು ನಮಗೆ ಮನವರಿಕೆಯಾದದ್ದು ಒಂದು ಸಣ್ಣ ಪ್ರಯೋಗದಿಂದ.

ಲಗ್ಗೆರೆಯ ಭಕ್ತರಾದ ನಾವು ಕೆಲವರು ತಿಂಗಳಿಗೊಮ್ಮೆ ಶಿವಾನುಭವ ಗೋಷ್ಠಿಗೆ ಸೇರುತ್ತೇವೆ. ಪ್ರಸಾದದ ಬಳಿಕ ಮಾತು ಬಹುತೇಕ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳತ್ತ ಹೊರಳುವುದು ವಾಡಿಕೆ. ಅಂತಹ ಒಂದು ದಿನ, ಪ್ರತಿಯೊಬ್ಬರೂ ದಿನಕ್ಕೆ ಎಷ್ಟು ಹೊತ್ತು ನಡೆಯುತ್ತೇವೆಂಬುದನ್ನು ಚೀಟಿಯಲ್ಲಿ ಬರೆದೆವು. ಅನಂತರ ಒಂದು ವಾರ ಕಾಲ ನಮ್ಮ ಮೊಬೈಲುಗಳಲ್ಲಿ ನಡೆದ ಹಾದಿಯನ್ನು ಗುರುತಿಸುವ ಆ್ಯಪ್ ಹಾಕಿಕೊಂಡು ಓಡಾಡಿ, ಮುಂದಿನ ಗೋಷ್ಠಿಯಲ್ಲಿ ಚೀಟಿಯನ್ನೂ ದಾಖಲೆಯನ್ನೂ ಎದುರಿಗಿಟ್ಟು ನೋಡಿದೆವು. ದಿನಕ್ಕೆ ಒಂದು ಗಂಟೆ ನಡೆಯುತ್ತೇನೆಂದು ಬರೆದಿದ್ದ ನಿವೃತ್ತ ಹಿರಿಯರೊಬ್ಬರ ನಡಿಗೆ ಅರ್ಧ ಗಂಟೆಯ ಆಸುಪಾಸಿನಲ್ಲಿತ್ತು. ಉಳಿದರ್ಧ ಗಂಟೆ ಅವರು ಕಾಫಿ ಅಂಗಡಿಯ ಮುಂದೆ ಗೆಳೆಯರೊಡನೆ ನಿಂತದ್ದನ್ನು ನಕ್ಷೆಯ ಚುಕ್ಕಿ ಮರೆಮಾಚದೆ ತೋರಿಸಿತು. ವ್ಯಾಯಾಮಶಾಲೆಗೆ ಹೋಗುವ ಯುವಕನೊಬ್ಬ ಅಲ್ಲಿಗೆ ಹೋಗುವುದೂ ಬರುವುದೂ ಸ್ಕೂಟರಿನಲ್ಲಿ ಎಂಬುದು ತಿಳಿಯಿತು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ದುಡಿಯುವ ಶರಣೆಯೊಬ್ಬರು ಚೀಟಿಯಲ್ಲಿ ಸೊನ್ನೆ ಬರೆದಿದ್ದರು. ಅವರ ದಾಖಲೆಯಲ್ಲಿ ಹೋಗಲು 25 ನಿಮಿಷ, ಬರಲು 25 ನಿಮಿಷ, ವಾರಕ್ಕೆ ಆರು ದಿನ, ಒಟ್ಟು 300 ನಿಮಿಷಗಳ ಬಿರುಸು ನಡಿಗೆಯಿತ್ತು. ನಮ್ಮೆಲ್ಲರಿಗಿಂತ ಹೆಚ್ಚು. ‘ಸೊನ್ನೆ ಎಂದು ಏಕೆ ಬರೆದಿರಿ ತಾಯಿ?’ ಎಂದು ಕೇಳಿದರೆ, ‘ನಾನೆಲ್ಲಿ ವಾಕಿಂಗ್ ಮಾಡ್ತೀನಿ ಅಣ್ಣಾ, ಅದು ಕೆಲಸಕ್ಕೆ ಹೋಗಿಬರೋದು ಅಷ್ಟೇ’ ಎಂದರು.

ನಮ್ಮ ಈ ಲೇಖನಕ್ಕೆ ಆ ಸೊನ್ನೆಯೇ ಪ್ರೇರಣೆ.

ಮೊದಲಿಗೆ, ಕೈಯಲ್ಲಿರುವ ಈ ಸಾಧನ ನಮ್ಮ ನಡಿಗೆಯನ್ನು ಹೇಗೆ ಅರಿಯುತ್ತದೆಂಬುದನ್ನು ಸರಳವಾಗಿ ತಿಳಿಯೋಣ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. 1995ರಲ್ಲಿ ಪೂರ್ಣಪ್ರಮಾಣದಲ್ಲಿ ಕಾರ್ಯಾರಂಭ ಮಾಡಿದ ಈ ವ್ಯವಸ್ಥೆಯಲ್ಲಿ ಸಾಮಾನ್ಯ ಜನರಿಗೆ ದೊರೆಯುತ್ತಿದ್ದ ಸಂಕೇತವನ್ನು ಉದ್ದೇಶಪೂರ್ವಕವಾಗಿ ಒರಟುಗೊಳಿಸಲಾಗುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ನಿರ್ಬಂಧ ತೆರವಾದ ಮೇಲೆ ಜನಸಾಮಾನ್ಯರಿಗೂ ನಿಖರ ಸ್ಥಾನ ದೊರೆಯತೊಡಗಿತು. ಪ್ರತಿ ಉಪಗ್ರಹವೂ ‘ನಾನು ಇಲ್ಲಿದ್ದೇನೆ, ಈಗ ಇಷ್ಟು ಹೊತ್ತು’ ಎಂದು ಎಡೆಬಿಡದೆ ಸಾರುತ್ತಿರುತ್ತದೆ. ಆ ಸಂಕೇತ ಬಂದು ತಲುಪಲು ತೆಗೆದುಕೊಂಡ ಕಾಲದಿಂದ ಮೊಬೈಲು ದೂರವನ್ನು ಗುಣಿಸುತ್ತದೆ. ಸಂಕೇತದ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಆದುದರಿಂದ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸವಾಗುತ್ತದೆ. ಅದಕ್ಕಾಗಿಯೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿರುತ್ತವೆ. ಮೊಬೈಲಿನ ಗಡಿಯಾರ ಅಷ್ಟು ನಿಖರವಲ್ಲದ ಕಾರಣ, ಮೂರು ಉಪಗ್ರಹಗಳ ಜೊತೆಗೆ ನಾಲ್ಕನೆಯದೊಂದರ ಸಾಕ್ಷ್ಯವೂ ಬೇಕಾಗುತ್ತದೆ.

ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. ಭಾರತ ಮತ್ತು ಅದರ ಗಡಿಯಿಂದ 1,500 ಕಿ.ಮೀ. ವರೆಗಿನ ಪ್ರದೇಶಕ್ಕೆಂದು ಇಸ್ರೋ ರೂಪಿಸಿದ ‘ನಾವಿಕ್’ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಉಡಾವಣೆಗೊಂಡಿತು. ಅದರ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ. ಆ ಮೊದಲ ಉಪಗ್ರಹದ ಆಮದು ಗಡಿಯಾರಗಳು ಕೈಕೊಟ್ಟಾಗ ನಮ್ಮ ವಿಜ್ಞಾನಿಗಳು ಎದೆಗುಂದಲಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ಪರಮಾಣು ಗಡಿಯಾರವಿತ್ತು. ಇಂದಿನ ಮೊಬೈಲುಗಳು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ದೇಶಗಳ ಉಪಗ್ರಹಗಳ ಸಂಕೇತವನ್ನು ಒಟ್ಟಿಗೆ ಬಳಸುತ್ತವೆ. ತೆರೆದ ಬಯಲಿನಲ್ಲಿ ಅವು ತೋರುವ ಸ್ಥಾನ ಸುಮಾರು 5 ಮೀಟರಿನೊಳಗೆ ಸರಿಯಾಗಿರುತ್ತದೆ. ಆದರೆ ಒತ್ತೊತ್ತಾಗಿ ಮೂರು ನಾಲ್ಕು ಅಂತಸ್ತಿನ ಮನೆಗಳಿರುವ ಲಗ್ಗೆರೆಯಂತಹ ಬಡಾವಣೆಯಲ್ಲಿ ಸಂಕೇತವು ಗೋಡೆಗೆ ತಾಗಿ ಬಳಸಿ ಬರುವುದರಿಂದ, ಗೆರೆ ಪಕ್ಕದ ಬೀದಿಗೆ ಜಿಗಿಯುವುದೂ ಉಂಟು.

ಇನ್ನು ಇದನ್ನೆಲ್ಲ ಅಳೆಯುವ ಅಗತ್ಯವೇನೆಂಬ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ‘ಇಂಡಿಯಾಬ್’ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು, ಅಂದರೆ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲ. ಪುರುಷರಲ್ಲಿ ಈ ಪ್ರಮಾಣ ಶೇ 42, ಮಹಿಳೆಯರಲ್ಲಿ ಶೇ 57. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಶ್ರಮವನ್ನು ವಿಧಿಸುತ್ತದೆ. ಮಾತನಾಡಲು ಬರುವಷ್ಟು, ಆದರೆ ಹಾಡಲು ಬಾರದಷ್ಟು ಏದುಸಿರು ತರುವ ನಡಿಗೆಯೇ ಮಧ್ಯಮ ಶ್ರಮ. ಈ ನಡಿಗೆ ಉದ್ಯಾನದಲ್ಲೇ ಆಗಬೇಕೆಂದಾಗಲಿ, ಅದಕ್ಕೆಂದೇ ಬೂಟು ಕೊಳ್ಳಬೇಕೆಂದಾಗಲಿ ಮಾರ್ಗಸೂಚಿ ಹೇಳುವುದಿಲ್ಲ. ಕೆಲಸಕ್ಕೆ, ಸಂತೆಗೆ, ಶಾಲೆಗೆ ನಡೆದುಹೋಗುವುದನ್ನೂ ಸೈಕಲ್ ತುಳಿದು ಹೋಗುವುದನ್ನೂ ಅದು ಚಟುವಟಿಕೆಯೆಂದೇ ಎಣಿಸುತ್ತದೆ. ಆ ಶರಣೆಯ 300 ನಿಮಿಷ ಈ ಮಾರ್ಗಸೂಚಿಯ ಮೇಲಿನ ಅಂಚನ್ನೇ ಮುಟ್ಟಿತ್ತು!

ಕಾಯಕದೊಳಗಿನ ಚಲನೆ ಆರೋಗ್ಯವನ್ನು ಕಾಯುತ್ತದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಹಳೆಯ ಸಾಕ್ಷ್ಯವಿದೆ. ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಅಲ್ಲಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ 1953ರಲ್ಲಿ ಅಧ್ಯಯನ ಪ್ರಕಟಿಸಿದರು. ಬಸ್ಸು ಒಂದೇ, ಹಾದಿಯೂ ಒಂದೇ. ಆದರೆ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಚೀಟಿ ಕೊಡಲು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ನಿರ್ವಾಹಕರು ವ್ಯಾಯಾಮಕ್ಕೆಂದು ಮೆಟ್ಟಿಲು ಹತ್ತಿದವರಲ್ಲ, ತಮ್ಮ ಕೆಲಸ ಮಾಡಿದವರು. ವೈದ್ಯರು ಎಣಿಕೆ ಹಿಡಿಯುವವರೆಗೆ ಆ ಮೆಟ್ಟಿಲುಗಳ ಬೆಲೆ ಯಾರಿಗೂ ತಿಳಿದಿರಲಿಲ್ಲ.

ಶರಣಧರ್ಮದ ನೆಲೆಯಿಂದ ನೋಡಿದರೆ ಇದು ಹೊಸ ಮಾತೇನಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಿ ಆಯ್ದವರು, ಕಟ್ಟಿಗೆ ಹೊತ್ತವರು, ದೋಣಿ ನಡೆಸಿದವರು ಅನುಭವ ಮಂಟಪದಲ್ಲಿ ಸಮಾನರಾಗಿ ಕುಳಿತರು. ಉಡುತಡಿಯಿಂದ ಹೊರಟ ಅಕ್ಕಮಹಾದೇವಿಯು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದ ಕಥನ ನಮಗೆಲ್ಲ ತಿಳಿದದ್ದೇ. ಇಂದಿಗೂ ಯುಗಾದಿಯ ಮುನ್ನ ಉತ್ತರ ಕರ್ನಾಟಕದ ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಚಲಿಸುವುದನ್ನೇ ಹೆಸರಾಗಿ ಉಳ್ಳ ಜಂಗಮವನ್ನು ಪೂಜಿಸುವವರು ನಾವು. ಆದರೂ ದಿನನಿತ್ಯದ ಬದುಕಿನಲ್ಲಿ ನಡೆದು ಹೋಗುವವರನ್ನು ಕಂಡಾಗ ನಮ್ಮ ಬಾಯಲ್ಲಿ ಬರುವ ಮಾತು ‘ಪಾಪ, ಗಾಡಿ ಇಲ್ಲ’ ಎಂಬುದು. ಉದ್ಯಾನದಲ್ಲಿ ಹತ್ತು ಸುತ್ತು ಹಾಕುವವರ ನಡಿಗೆ ಆರೋಗ್ಯ, ಕಾರ್ಖಾನೆಗೆ ನಡೆಯುವವರ ನಡಿಗೆ ಬಡತನ ಎಂಬ ಭೇದವನ್ನು ನಾವೇ ಕಟ್ಟಿಕೊಂಡಿದ್ದೇವೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಪರಂಪರೆಯ ನಾವು ಕಾಯಕದ ಹಾದಿಯಲ್ಲಿ ಮೇಲುಕೀಳು ಮಾಡುವುದು ತರವೇ?

ಈ ಭೇದದಿಂದ ಆಗುವ ನಷ್ಟ ಮಾತಿನದಷ್ಟೇ ಅಲ್ಲ. ಆ ಶರಣೆಯ ಮಗ ದುಡಿಯತೊಡಗಿ ತಾಯಿಗೊಂದು ಸ್ಕೂಟರ್ ಕೊಡಿಸಬೇಕೆಂದಿದ್ದಾನೆ. ಮಗನ ಪ್ರೀತಿ ದೊಡ್ಡದು. ಆದರೆ ದಿನದ ಬಹುಭಾಗ ಯಂತ್ರದ ಮುಂದೆ ಕುಳಿತೇ ಕಳೆಯುವ ದೇಹಕ್ಕೆ ಆ 50 ನಿಮಿಷ ಬಿಟ್ಟರೆ ಬೇರೆ ಚಲನೆ ಇಲ್ಲ. ಅದು ಹೋದ ದಿನ ಏನೋ ಕಳೆದುಕೊಂಡೆವೆಂದು ತಾಯಿಗೂ ತಿಳಿಯದು, ಮಗನಿಗೂ ತಿಳಿಯದು. ಏಕೆಂದರೆ ಚೀಟಿಯಲ್ಲಿ ಮೊದಲೂ ಸೊನ್ನೆಯೇ ಇತ್ತು. ಕೆಲವು ವರ್ಷಗಳ ಬಳಿಕ ಸಕ್ಕರೆ ಅಂಶ ಏರಿದಾಗ, ವೈದ್ಯರು ‘ವಾಕಿಂಗ್ ಶುರುಮಾಡಿ’ ಎಂದಾಗ, ಬಿಟ್ಟದ್ದನ್ನೇ ಮತ್ತೆ ಹುಡುಕಿಕೊಂಡು ಹೋಗಬೇಕಾಗುತ್ತದೆ. ಸ್ಕೂಟರ್ ಬೇಡವೆಂದು ನಾವು ಹೇಳುತ್ತಿಲ್ಲ. ಮಳೆಗಾಲಕ್ಕೆ, ಆಸ್ಪತ್ರೆಗೆ, ದೂರದ ಊರಿಗೆ ಅದು ಬೇಕು. ಏನನ್ನು ಕೊಟ್ಟು ಏನನ್ನು ಕೊಳ್ಳುತ್ತಿದ್ದೇವೆಂಬ ಅರಿವಿರಲಿ ಎಂಬುದಷ್ಟೇ ನಮ್ಮ ನಿವೇದನೆ. ಆ ಅರಿವನ್ನು ಕೊಡುವಷ್ಟರ ಮಟ್ಟಿಗೆ ಉಪಗ್ರಹದ ಗೆರೆ ಉಪಕಾರಿ.

ಅದೇ ಗೆರೆ ಇನ್ನೊಂದು ಸಂಗತಿಯನ್ನೂ ತೋರಿತು. ಆಕೆಯ ಬೆಳಗಿನ ಹಾದಿಗೂ ಸಂಜೆಯ ಹಾದಿಗೂ ಹೊಂದಿಕೆಯಿರಲಿಲ್ಲ. ಸಂಜೆಯ ಗೆರೆ ಒಂದು ಗಲ್ಲಿಯನ್ನು ಬಿಟ್ಟು ದೊಡ್ಡ ರಸ್ತೆಯ ಮೇಲೆ ಬಳಸಿ ಬರುತ್ತಿತ್ತು. ಗೋಡೆಗಳಿಗೆ ತಾಗಿ ಸಂಕೇತ ತಪ್ಪಿರಬೇಕೆಂದು ನಮ್ಮಲ್ಲಿನ ತಿಳಿದವರು ತೀರ್ಮಾನಿಸಿದರು. ‘ಅದು ತಪ್ಪಲ್ಲ ಅಣ್ಣಾ, ಸಂಜೆ ಆ ಗಲ್ಲಿಯಲ್ಲಿ ದೀಪ ಇರಲ್ಲ’ ಎಂದು ಆಕೆ ಹೇಳಿದಾಗ ಗೋಷ್ಠಿ ಮೌನವಾಯಿತು. ನಾವು ಯಂತ್ರದ ದೋಷವೆಂದುಕೊಂಡದ್ದು ಒಬ್ಬ ಹೆಣ್ಣುಮಗಳ ಭಯದ ಗುರುತಾಗಿತ್ತು. ಹೊರವರ್ತುಲ ರಸ್ತೆಯನ್ನು ದಾಟಲು ಆಕೆ ಬಳಸುವ ಸುತ್ತುದಾರಿಯೂ ಹಾಗೆಯೇ ನಕ್ಷೆಯಲ್ಲಿ ಮೂಡಿತ್ತು. ಇಂತಹ ಹತ್ತಾರು ಜನರ ಗೆರೆಗಳನ್ನು, ಹೆಸರು ಮತ್ತು ಮನೆಯ ಗುರುತು ತೆಗೆದು, ಒಂದೇ ನಕ್ಷೆಯ ಮೇಲೆ ಇಟ್ಟರೆ ಎಲ್ಲಿ ದೀಪ ಬೇಕು, ಎಲ್ಲಿ ಪಾದಚಾರಿ ಮಾರ್ಗ ಕೆಟ್ಟಿದೆ, ಎಲ್ಲಿ ರಸ್ತೆ ದಾಟಲು ಅನುಕೂಲವಿಲ್ಲ ಎಂಬುದು ಕಣ್ಣಿಗೆ ಕಟ್ಟುತ್ತದೆ. ಪಾಲಿಕೆಗೆ ಸಲ್ಲಿಸುವ ಮನವಿಯೊಡನೆ ಅಂತಹ ನಕ್ಷೆಯಿದ್ದರೆ ಮಾತಿಗೆ ತೂಕ ಬರುತ್ತದೆ.

ಬೆಂಗಳೂರಿನಲ್ಲಿ ಸವಾರಿಯ ದಾಖಲೆಯನ್ನು ಸಾರ್ವಜನಿಕ ಹಿತಕ್ಕೆ ಬಳಸಿದ ಮಾದರಿಯೂ ಇದೆ. ನಗರ ಭೂ ಸಾರಿಗೆ ನಿರ್ದೇಶನಾಲಯದ ಸಹಯೋಗದ ‘ಸೈಕಲ್ ಟು ವರ್ಕ್’ ಅಭಿಯಾನದಲ್ಲಿ ಉದ್ಯೋಗಿಗಳು ಕಚೇರಿಗೆ ಸೈಕಲ್ ತುಳಿದದ್ದು ಆ್ಯಪ್ ಮೂಲಕ ದಾಖಲಾಗಿ, ಯಾವ ಸಂಸ್ಥೆಯವರು ಹೆಚ್ಚು ಸವಾರಿ ಮಾಡಿದರೆಂಬ ಪಟ್ಟಿ ಪ್ರಕಟವಾಗುತ್ತಿತ್ತು. ಅದು ಮೆಚ್ಚತಕ್ಕ ಕೆಲಸ. ಆದರೆ ಬುತ್ತಿಚೀಲ ಹಿಡಿದು ಪೀಣ್ಯಕ್ಕೆ ನಡೆಯುವವರು ಅಂತಹ ಪಟ್ಟಿಗಳಲ್ಲಿ ಬರುವವರಲ್ಲ. ಅವರ ನಡಿಗೆಯನ್ನು ಎಣಿಕೆಗೆ ತರುವುದು ಅವರೊಡನೆ ಬದುಕುವ ನಮ್ಮ ಕರ್ತವ್ಯವಾಗಬೇಕು. ಇದೂ ಒಂದು ಬಗೆಯ ದಾಸೋಹವೇ ಸರಿ.

ಇಷ್ಟು ಹೇಳಿದ ಮೇಲೆ ಈ ಸಾಧನದ ಮಿತಿಗಳನ್ನೂ ಮರೆಮಾಚದೆ ಹೇಳಬೇಕು. ಉಪಗ್ರಹಕ್ಕೆ ಸೂರಿನ ಕೆಳಗಿನ ಬದುಕು ಕಾಣದು. ಮನೆ ಗುಡಿಸಿ, ನೀರು ಹೊತ್ತು, ಮಹಡಿ ಹತ್ತಿ ಬಟ್ಟೆ ಒಣಹಾಕುವ ತಾಯಂದಿರ ಶ್ರಮವಾಗಲಿ, ಮಠದ ದಾಸೋಹಮನೆಯಲ್ಲಿ ಸೇವೆಗೈಯುವವರ ಓಡಾಟವಾಗಲಿ ನಕ್ಷೆಯಲ್ಲಿ ಒಂದೇ ಚುಕ್ಕಿ. ಮೊಬೈಲಿನೊಳಗಿನ ಅಲುಗಾಟ ಅಳೆಯುವ ಉಪಕರಣ ಹೆಜ್ಜೆಗಳನ್ನು ಎಣಿಸಬಲ್ಲದಾದರೂ, ಮೊಬೈಲು ಅಡುಗೆಮನೆಯ ಗೂಡಿನಲ್ಲಿದ್ದರೆ ಅದೂ ಮೌನ. ಆದುದರಿಂದ ಗೆರೆ ಚಿಕ್ಕದಿರುವವರನ್ನು ಸೋಮಾರಿಗಳೆಂದು ತಿಳಿಯಬಾರದು.

ಸಂಖ್ಯೆಯ ವ್ಯಾಮೋಹವೂ ಸಲ್ಲದು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತಿನ ಮೂಲ ವೈದ್ಯರ ವಿಧಿಯಲ್ಲ. 1965ರಲ್ಲಿ ಜಪಾನಿನ ಸಂಸ್ಥೆಯೊಂದು ಮಾರಾಟಕ್ಕಿಟ್ಟ ಹೆಜ್ಜೆ ಎಣಿಸುವ ಉಪಕರಣದ ಹೆಸರೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದಾಗಿತ್ತು. ಸರಾಸರಿ 72 ವರ್ಷದ ಅಮೆರಿಕದ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ಹೆಜ್ಜೆ ನಡೆದವರ ಮರಣ ಪ್ರಮಾಣ ಶೇ 41ರಷ್ಟು ಕಡಿಮೆಯಿತ್ತು. 7,500ರ ಬಳಿಕ ಹೆಚ್ಚಿನ ಲಾಭ ಕಾಣಲಿಲ್ಲ. ಹಿರಿಯರು ಸಂಖ್ಯೆಗೆ ಅಂಜಿ ನಡಿಗೆಯನ್ನೇ ಬಿಡುವುದು ಬೇಡ. ನೆರೆಯವರಿಗಿಂತ ಹೆಚ್ಚು ನಡೆದೆನೆಂದು ದಿನವೂ ವಾಟ್ಸ್‌ಆ್ಯಪ್ ಬಳಗಕ್ಕೆ ಚಿತ್ರ ಕಳುಹಿಸುವುದು ಅಹಂಕಾರಕ್ಕೆ ದಾರಿ. ನಮ್ಮ ಲೆಕ್ಕ ನಮ್ಮ ತಿದ್ದುಗೆಗೆ ಇರಲಿ.

ಗೋಪ್ಯತೆಯ ಎಚ್ಚರಿಕೆ ಇನ್ನೂ ಮುಖ್ಯ. ‘ಸ್ಟ್ರಾವಾ’ ಎಂಬ ಆ್ಯಪ್ 2017ರಲ್ಲಿ ತನ್ನ ಬಳಕೆದಾರರ ಓಟದ ಹಾದಿಗಳ ಜಾಗತಿಕ ನಕ್ಷೆಯನ್ನು ಪ್ರಕಟಿಸಿತು. ವಿದೇಶಗಳಲ್ಲಿದ್ದ ಸೈನಿಕ ನೆಲೆಗಳ ಒಳದಾರಿಗಳು ಅದರಲ್ಲಿ ಹೊಳೆಯುತ್ತಿದ್ದುದನ್ನು 2018ರ ಜನವರಿಯಲ್ಲಿ ಜನ ಗುರುತಿಸಿದರು. ಸೈನಿಕರ ಗುಟ್ಟೇ ಹೀಗೆ ಬಯಲಾಗುವುದಾದರೆ, ಒಬ್ಬ ಹೆಣ್ಣುಮಗಳು ದಿನವೂ ಎಷ್ಟು ಹೊತ್ತಿಗೆ ಯಾವ ಬೀದಿಯಲ್ಲಿ ನಡೆಯುತ್ತಾಳೆಂಬುದು ಅಪರಿಚಿತರಿಗೆ ತಿಳಿಯುವುದು ಎಂತಹ ಅಪಾಯ! ಆ್ಯಪ್ ಹಾಕಿಕೊಂಡ ಕೂಡಲೇ ದಾಖಲೆ ತನಗಷ್ಟೇ ಕಾಣುವಂತೆ ಹೊಂದಿಸಿಕೊಳ್ಳಬೇಕು. ಮನೆಯ ಸುತ್ತಲಿನ ಭಾಗವನ್ನು ಮರೆಮಾಡುವ ಸೌಲಭ್ಯವಿದ್ದರೆ ಬಳಸಬೇಕು. ಮನೆಯ ಯಜಮಾನರು ಹೆಂಡತಿ ಮಕ್ಕಳ ಮೇಲೆ ಕಣ್ಣಿಡಲು ಈ ವಿದ್ಯೆಯನ್ನು ಬಳಸುವುದು ಸರ್ವಥಾ ಸಲ್ಲದು.

ಹಾಗಾದರೆ ಭಕ್ತರು ಮಾಡಬೇಕಾದುದೇನು? ನಮ್ಮ ಸಲಹೆ ಸರಳ. ಒಂದು ವಾರ ಮಾತ್ರ ನಿಮ್ಮ ಓಡಾಟವನ್ನು ದಾಖಲಿಸಿ. ಹೊಸ ಗಡಿಯಾರ ಕೊಳ್ಳಬೇಕಿಲ್ಲ, ಇರುವ ಮೊಬೈಲು ಚೀಲದಲ್ಲಿದ್ದರೆ ಸಾಕು. ವಾರದ ಕೊನೆಗೆ ಬಿರುಸಾಗಿ ನಡೆದ ನಿಮಿಷಗಳನ್ನು ಕೂಡಿಸಿ. 150 ದಾಟಿದ್ದರೆ ನಿಮ್ಮ ಕಾಯಕದ ಹಾದಿಗೆ ಕೃತಜ್ಞರಾಗಿ, ಅದನ್ನು ಕಳೆದುಕೊಳ್ಳಬೇಡಿ. ದಾಟಿಲ್ಲವಾದರೆ ಹೊಸ ಸಮಯ ಹುಡುಕುವ ಮೊದಲು ಇರುವ ಓಡಾಟವನ್ನೇ ನಡಿಗೆಯಾಗಿಸಿ. ಒಂದು ನಿಲ್ದಾಣ ಮೊದಲೇ ಬಸ್ಸಿಳಿಯಿರಿ, ತರಕಾರಿಗೆ ಗಾಡಿ ತೆಗೆಯದಿರಿ, ಊಟದ ಬಳಿಕ ಹತ್ತು ಹದಿನೈದು ನಿಮಿಷ ನಡೆಯಿರಿ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಹೀರಿಕೊಳ್ಳುವುದರಿಂದ ಊಟದ ಬಳಿಕದ ನಡಿಗೆ ಮಧುಮೇಹಿಗಳಿಗೆ ವಿಶೇಷವಾಗಿ ಹಿತ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸ್ವಲ್ಪ ಸಕ್ಕರೆಯನ್ನೋ ಸಿಹಿಯನ್ನೋ ಇಟ್ಟುಕೊಳ್ಳಬೇಕು. ಬರಿಗಾಲಿನಲ್ಲಿ ನಡೆಯಬಾರದು, ಪ್ರತಿದಿನ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ಎದೆ ಬಿಗಿತ, ತಲೆಸುತ್ತು, ಎಂದಿಲ್ಲದ ಏದುಸಿರು ಕಂಡರೆ ಮೊಬೈಲಿನ ಗುರಿಯನ್ನು ಮರೆತು ನಿಲ್ಲಬೇಕು, ತಡಮಾಡದೆ ವೈದ್ಯರನ್ನು ಕಾಣಬೇಕು. 65 ದಾಟಿದವರು ಬೀಳದಂತೆ ಸಮತೋಲನ ಕಾಯುವ ವ್ಯಾಯಾಮಗಳನ್ನೂ ವಾರಕ್ಕೆ ಮೂರು ದಿನ ಮಾಡುವುದು ಒಳಿತು.

ವಾರ ಕಳೆದ ಮೇಲೆ ಆ್ಯಪ್ ಮುಚ್ಚಿಟ್ಟು ನಡೆಯಿರಿ. ಆರು ತಿಂಗಳಿಗೊಮ್ಮೆ ಮತ್ತೆ ನೋಡಿದರೆ ಸಾಕು. ಅಳತೆ ಅರಿವಿಗೆ, ನಡಿಗೆ ಆಚಾರಕ್ಕೆ. ಅರಿವು ಆಚಾರವಾಗದಿದ್ದರೆ ಉಪಗ್ರಹಗಳೆಲ್ಲ ಸೇರಿ ಎಣಿಸಿದರೂ ಫಲವಿಲ್ಲ.

ಈ ತಿಂಗಳ ಗೋಷ್ಠಿಯಲ್ಲಿ ಆ ಶರಣೆಯಿಂದ ಮತ್ತೊಮ್ಮೆ ಚೀಟಿ ಬರೆಸಿದೆವು. ಅವರು ‘50 ನಿಮಿಷ’ ಎಂದು ಬರೆದರು. ಸ್ಕೂಟರ್ ಬಂದರೂ ಬೆಳಗಿನ ಹೊತ್ತು ನಡೆದೇ ಹೋಗುವುದಾಗಿ ಮಗನಿಗೆ ಹೇಳಿದ್ದಾರಂತೆ. ಸಂಜೆಯ ಮಾತು ಮಾತ್ರ ಆ ಗಲ್ಲಿಗೆ ದೀಪ ಬಂದ ಮೇಲೆ. ಅದಕ್ಕಾಗಿ ಮನವಿ ಬರೆಯುವ ಕೆಲಸವನ್ನು ನಾವು ಕೈಗೆತ್ತಿಕೊಂಡಿದ್ದೇವೆ. ಸುತ್ತಲಿನ ಬಡಾವಣೆಗಳ ಸದ್ಭಕ್ತರೂ ತಮ್ಮ ತಮ್ಮ ಬೀದಿಗಳಲ್ಲಿ ಈ ಕಾರ್ಯಕ್ಕೆ ಮುಂದಾಗಲೆಂದು ಪ್ರಾರ್ಥಿಸುತ್ತೇವೆ.